ನಿಲ್ಲದ ಗೊಂಬೆ: ತುಮಕೂರಿನ ನಮ್ಮ ಮನೆಗೆ ಬಂದ ಹೋಪಿ ಕಚಿನಾ

ಮೊದಲೇ ಹೇಳಿಬಿಡುತ್ತೇನೆ, ಈ ಗೊಂಬೆ ನಿಲ್ಲುವುದಿಲ್ಲ. ಶೋಕೇಸಲ್ಲಿ ಇಟ್ಟರೆ ಮುಗ್ಗರಿಸುತ್ತದೆ, ಟಿವಿ ಪಕ್ಕ ಒರಗಿಸಿದರೆ ಜಾರುತ್ತದೆ. ಮುಟ್ಟಿದರೆ ಬೆರಳಿಗೆ ಬಣ್ಣ ಮೆತ್ತಿಕೊಳ್ಳುತ್ತದೆ. ಬೆಲೆ ಕೇಳಿದವರು "ಇಷ್ಟಕ್ಕಾ ಇಷ್ಟು?" ಅನ್ನುತ್ತಾರೆ. ಆದರೂ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಪುರುಸೊತ್ತು ಇದ್ದವರು ಓದಿ.

ಸಾಮಾನು ಏನಪ್ಪಾ ಅಂದರೆ, ಹೋಪಿ ಜನ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಕಚಿನಾ ಗೊಂಬೆ. ಹೋಪಿಗಳು ಅಮೆರಿಕದ ಮೂಲ ನಿವಾಸಿಗಳು. ಅರಿಝೋನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ನೆತ್ತಿ ಚಪ್ಪಟೆಯಾದ ಮೂರು ದೊಡ್ಡ ಗುಡ್ಡಗಳಿವೆ, ಮೇಸಾ ಅನ್ನುತ್ತಾರೆ. ಅವುಗಳ ಮೇಲೂ ಬುಡದಲ್ಲೂ ಇವರ ಊರುಗಳು. ಅದರಲ್ಲಿ ಓರೈಬಿ ಅನ್ನುವ ಊರಲ್ಲಿ, ಇಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲದಿಂದಲೂ ಜನ ಬಿಟ್ಟೂಬಿಡದೆ ವಾಸವಾಗಿದ್ದಾರೆ. ಅಮೆರಿಕ ಅಂದ ತಕ್ಷಣ ನಮಗೆ ಕಣ್ಣ ಮುಂದೆ ಬರುವ ಯಾವುದೂ ಆಗ ಅಲ್ಲಿ ಇರಲಿಲ್ಲ.

ನನ್ನ ಅಕ್ಕನ ಮಗ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಚಿಪ್ ಕಂಪನಿ ಕೆಲಸ ಮಾಡುತ್ತಾನೆ. ಪ್ರತಿ ಸಲ ಬರುವಾಗ ಚಾಕಲೇಟು, ಬಾದಾಮಿ, ಬಾಡಿ ಲೋಷನ್. ಈ ಸಲ ಅದೆಲ್ಲ ಬೇಡ ಕಣೋ, ಅಲ್ಲಿಯದೇ ಅನ್ನುವಂಥ ಒಂದು ಸಾಮಾನು ತಾ, ದುಡ್ಡು ನಾನು ಕೊಡುತ್ತೇನೆ ಅಂದೆ. ಅವನು ಏರ್‌ಪೋರ್ಟ್ ಅಂಗಡಿಯಲ್ಲಿ ಏನೋ ಒಂದು ಹಿಡಿದುಕೊಂಡು ಬರುವ ಜಾತಿ ಅಲ್ಲ, ಅದು ನನ್ನ ಪುಣ್ಯ. ಫ್ಲಾಗ್‌ಸ್ಟಾಫ್ ದಾಟಿ ಮರುಭೂಮಿಯಂಥ ಬಯಲಲ್ಲಿ ಕಾರು ಓಡಿಸಿಕೊಂಡು ಸೆಕೆಂಡ್ ಮೇಸಾವರೆಗೂ ಹೋದ. ಅಲ್ಲಿ ಕೆತ್ತುವವರು ತಮ್ಮ ಮನೆಯ ಮುಂದೆಯೇ ಸಣ್ಣ ಬೋರ್ಡ್ ಹಾಕಿಕೊಂಡಿರುತ್ತಾರಂತೆ. ಬಾಗಿಲು ತಟ್ಟಿದರೆ ಒಳಗೆ ಕರೆದು ಮೇಜಿನ ಮೇಲೆ ಇರುವುದನ್ನು ತೋರಿಸುತ್ತಾರೆ. ಊರೊಳಗೆ ಫೋಟೋ ತೆಗೆಯುವಂತಿಲ್ಲ, ವಿಡಿಯೋ ಇಲ್ಲ, ಕೂತು ಚಿತ್ರ ಬರೆಯುವುದಕ್ಕೂ ಬಿಡುವುದಿಲ್ಲ. ಹಾಗಾಗಿ ಕೆತ್ತಿದವರನ್ನು ಕೇಳಿ, ಗೊಂಬೆಗಳದ್ದು ಮಾತ್ರ ಫೋಟೋ ತೆಗೆದು, ಆಮೇಲೆ ಸಿಗ್ನಲ್ ಸಿಕ್ಕ ಕಡೆಯಿಂದ ವಾಟ್ಸಾಪಲ್ಲಿ ಕಳಿಸಿದ. "ಚಿಕ್ಕಮ್ಮ, ಯಾವುದು ಬೇಕು ಬೇಗ ಹೇಳು, ಅವರು ಊಟಕ್ಕೆ ಎದ್ದರು" ಅಂತ ಮೆಸೇಜ್.

ನಾನು ಆರಿಸಿದ್ದು ಉದ್ದ ಕೂದಲಿನ ಕಚಿನಾ. ಹೋಪಿಗಳ ಬಾಯಲ್ಲಿ ಅಂಗಾಕ್‌ಚಿನಾ. ಆರಿಸಿದ್ದಕ್ಕೆ ಕಾರಣ ಇದೆ, ಆದರೆ ಅದು ಗೊತ್ತಾಗಬೇಕಾದರೆ ಕಚಿನಾ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು.

ಕಚಿನಾಗಳು ದೇವರು ಅಂತ ಬರೆಯುವವರು ಇದ್ದಾರೆ, ಅದು ಅಷ್ಟು ಸರಿಯಲ್ಲ. ಮನುಷ್ಯರಿಗೂ ಮೇಲಿನವರಿಗೂ ನಡುವೆ ಓಡಾಡುವ ಶಕ್ತಿಗಳು ಅನ್ನಬಹುದು. ಮನುಷ್ಯರ ಕೋರಿಕೆ ತೆಗೆದುಕೊಂಡು ಹೋಗುತ್ತವೆ, ಮಳೆ ತರುತ್ತವೆ. ಸತ್ತ ಹಿರಿಯರು ಮೋಡವಾಗಿ ಬರುತ್ತಾರೆ ಅನ್ನುವ ನಂಬಿಕೆಯೂ ಇದರ ಜೊತೆಗೇ ಇದೆ. ಪ್ರಾಣಿ, ಹಕ್ಕಿ, ಗಿಡ, ಸೂರ್ಯ, ಕೋಡಂಗಿ ಹೀಗೆ ಎಲ್ಲದಕ್ಕೂ ಒಂದೊಂದು ಕಚಿನಾ, ಒಟ್ಟು 250ಕ್ಕೂ ಜಾಸ್ತಿ ಬಗೆ ಇವೆ. ಚಳಿಗಾಲದಲ್ಲಿ ಬರುತ್ತವೆ, ಜುಲೈವರೆಗೂ ಊರಲ್ಲಿ ಇರುತ್ತವೆ. ಜುಲೈನಲ್ಲಿ ನಿಮಾನ್ ಅನ್ನುವ ಆಚರಣೆ ಮಾಡಿ ಬೀಳ್ಕೊಡುತ್ತಾರೆ. ಆಮೇಲೆ ಅವು ಫ್ಲಾಗ್‌ಸ್ಟಾಫ್ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಿಗೆ ಹೊರಟುಹೋಗುತ್ತವೆ. ನಮ್ಮ ಹುಡುಗ ಕಾರಲ್ಲಿ ಹೋದ ದಾರಿಯಲ್ಲೇ ಆ ಬೆಟ್ಟ ಸಿಗುತ್ತದೆ, 3,850 ಮೀಟರ್ ಎತ್ತರ, ನೆತ್ತಿಯಲ್ಲಿ ಹಿಮ.

ಊರಲ್ಲಿ ಇರುವಷ್ಟು ದಿನ ಮುಖವಾಡ ತೊಟ್ಟ ಗಂಡಸರು ಕಚಿನಾಗಳಾಗಿ ಕುಣಿಯುತ್ತಾರೆ. ಕುಣಿಯುವವನು ಆಗ ಇಂಥವರ ಮಗ, ಇಂಥವರ ಮೈದುನ ಅಲ್ಲ, ಕಚಿನಾನೇ. ಫೆಬ್ರವರಿಯಲ್ಲಿ ಪೊವಾಮು ಅಂತ ಇನ್ನೊಂದು ಆಚರಣೆ ಇದೆ. ಕಿವಾ ಅನ್ನುವ ನೆಲಮಾಳಿಗೆಯಲ್ಲಿ, ಹೊರಗೆ ಚಳಿ ಕೊರೆಯುವಾಗ ಒಳಗೆ ಬೆಂಕಿ ಹಾಕಿ ಬೀನ್ಸ್ ಕಾಳು ಮೊಳೆಯಿಸುತ್ತಾರೆ. ಆ ಮೊಳಕೆಯ ಜೊತೆ ಗಂಡುಮಕ್ಕಳಿಗೆ ಬಿಲ್ಲು ಬಾಣ, ಹೆಣ್ಣುಮಕ್ಕಳಿಗೆ ಈ ಗೊಂಬೆ ಕೊಡುತ್ತಾರೆ. ಹಸುಗೂಸಿಗಾದರೆ ಕೈಕಾಲು ಇಲ್ಲದ ಚಪ್ಪಟೆ ಹಲಗೆಯಂಥ ಗೊಂಬೆ, ಬೆಳೆದಂತೆ ಪೂರ್ತಿ ಆಕಾರದ್ದು. ಮಗು ಅದನ್ನು ಗೋಡೆಗೋ ತೊಲೆಗೋ ನೇತುಹಾಕಿಕೊಂಡು ನೋಡುತ್ತಾ ನೋಡುತ್ತಾ ಯಾರು ಯಾವ ಕಚಿನಾ ಅಂತ ಕಲಿಯುತ್ತದೆ.

ಇದರಲ್ಲಿ ಉದ್ದ ಕೂದಲಿನವನ ಕೆಲಸ ಸಣ್ಣ ಮಳೆ. ಗುಡುಗು ಸಿಡಿಲು ಇಲ್ಲದೆ, ಹೊಲದ ಮಣ್ಣು ಕೊಚ್ಚದೆ, ಸುಮ್ನೆ ಹನಿ ಹನಿಯಾಗಿ ಇಳಿಯುವ ಮಳೆ. ಬೆನ್ನ ಮೇಲೆ ಇಳಿಬಿದ್ದ ಆ ಕೂದಲೇ ಮಳೆಯ ಲೆಕ್ಕ. ಹೋಪಿಗಳ ಊರಲ್ಲಿ ವರ್ಷಕ್ಕೆ ಬೀಳುವುದು 250 ಮಿಲಿಮೀಟರ್ ಆದರೆ ದೊಡ್ಡದು, ಪಾವಗಡದಲ್ಲಿ ಬೀಳುವುದರ ಅರ್ಧದಷ್ಟೂ ಇಲ್ಲ. ಅಷ್ಟರಲ್ಲೇ ಕಾಲುವೆ ಇಲ್ಲದೆ ಮುಸುಕಿನ ಜೋಳ ಬೆಳೆಯುತ್ತಾರೆ, ಕೋಲಿನಿಂದ ಗೇಣುದ್ದ ಆಳಕ್ಕೆ ಕುಳಿ ಮಾಡಿ ಕೆಳಗಿನ ತೇವಕ್ಕೆ ಬೀಜ ಇಳಿಸುತ್ತಾರೆ. ನಮ್ಮ ಮಾವನವರ ಕಡೆ ಶಿರಾ ಹತ್ತಿರ ಹೊಲ. ಶೇಂಗಾ ಬಿತ್ತಿ ಆಕಾಶ ನೋಡುವುದು ಏನು ಅಂತ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಫೋಟೋ ನೋಡಿ, ಹುಡುಗ ಬರೆದಿದ್ದ ಎರಡು ಸಾಲು ಓದಿ, ಇವನೇ ಬೇಕು ಅಂದೆ.

ಈಗ ಕೈಗೆ ಬಂದ ಸಾಮಾನಿನ ವಿಷಯ.

ಎತ್ತಿಕೊಂಡರೆ ಮೊದಲು ಅನ್ನಿಸುವುದು, ಅಯ್ಯೋ ಇದರೊಳಗೆ ಏನೂ ಇಲ್ವಾ ಅಂತ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ, ಮುಂಗೈ ದಪ್ಪ, ತೂಕ ಮಾತ್ರ ಒಣಗಿದ ಕೊಬ್ಬರಿ ಗಿಟುಕಿನಷ್ಟು. ಟೊಳ್ಳಲ್ಲ, ಮರವೇ ಹಾಗೆ. ಕಾಟನ್‌ವುಡ್ ಅನ್ನುವ ಮರದ ಬೇರು. ಹೆಸರು ಕೇಳಿ ಬೂರುಗ ಅಂದುಕೊಳ್ಳಬೇಡಿ, ಇದು ಪಾಪ್ಲರ್ ಜಾತಿ, ಬೀಜದ ಜೊತೆ ಹತ್ತಿಯಂಥ ಎಳೆ ಹಾರುತ್ತದೆ ಅಷ್ಟೇ. ನೀರು ಹುಡುಕಿಕೊಂಡು ಹಳ್ಳದ ದಡದಲ್ಲಿ ಇದರ ಬೇರು ಇಳಿಯುತ್ತದೆ. ಕಾಂಡವಲ್ಲ, ಆ ಬೇರೇ ಆಗಬೇಕು. ಮೆತ್ತಗಿರುತ್ತದೆ, ಚೂರಿಗೆ ಸಲೀಸಾಗಿ ಸಿಗುತ್ತದೆ, ಬಿರುಕು ಕಡಿಮೆ. ಹಿಂದೆ ನೆರೆ ಬಂದಾಗ ಕೊಚ್ಚಿಕೊಂಡು ಬಂದದ್ದನ್ನು ಆರಿಸಿ ತರುತ್ತಿದ್ದರು, ಈಗ ಸಿಗುವುದೇ ಕಷ್ಟವಾಗಿ ಕೆತ್ತುವವರೇ ದುಡ್ಡು ಕೊಟ್ಟು ಬೇರು ಕೊಳ್ಳುತ್ತಾರೆ.

ಮುಖ ನೋಡಿದರೆ ಮುಖವೇ ಅಲ್ಲ ಅನ್ನಿಸುತ್ತದೆ. ಹಸಿರು ಬೆರೆತ ನೀಲಿಯ ಒಂದು ಪಟ್ಟಿ, ಅದರಲ್ಲಿ ಕಪ್ಪು ಗೀಟಿನಂಥ ಎರಡು ಕಣ್ಣು. ಮೂಗಿಲ್ಲ, ಬಾಯಿಲ್ಲ. ಕೆಳಗೆ ಕಪ್ಪು ಗಡ್ಡ ಎದೆಯವರೆಗೆ, ಗಡ್ಡದ ಮೇಲೆ ಬಿಳಿ ಗರಿ. ಹಿಂದೆ ತಿರುಗಿಸಿದರೆ ಕೂದಲು ಬೆನ್ನು ಮುಚ್ಚಿ ಸೊಂಟ ದಾಟಿದೆ. ಅದರ ನಡುವೆ ಒಂದು ದಾರ ಇಳಿಬಿಟ್ಟು ಅದಕ್ಕೆ ಪುಟ್ಟ ಪುಟ್ಟ ಪುಕ್ಕ ಕಟ್ಟಿದ್ದಾರೆ, ಫ್ಯಾನ್ ಹಾಕಿದರೆ ಅಲ್ಲಾಡುತ್ತವೆ. ಮೈಗೆ ಕಾವಿ ಬಣ್ಣ. ಸೊಂಟಕ್ಕೆ ಬಿಳಿ ಪಂಚೆಯಂಥದ್ದು, ಅದರ ಅಂಚಿನಲ್ಲಿ ಕಸೂತಿ ಇದೆ ಅಂತ ತೋರಿಸಲು ಎಳೆದ ಗೀಟುಗಳು. ಆ ಗೀಟುಗಳು ಪೂರ್ತಿ ನೇರ ಇಲ್ಲ. ಎಡಗಡೆ ಬರುವಷ್ಟರಲ್ಲಿ ಕುಂಚದಲ್ಲಿ ಬಣ್ಣ ಕಡಿಮೆಯಾಗಿ ಎಳೆ ತೆಳುವಾಗಿದ್ದು ಕಾಣುತ್ತದೆ. ಎರಡು ಕೈಗಳೂ ಹೊಟ್ಟೆಗೆ ಅಂಟಿಕೊಂಡಂತೆ ಅದೇ ತುಂಡಿನಲ್ಲಿ ಕೆತ್ತಿದ್ದು, ಬೇರೆ ಮಾಡಿ ಅಂಟಿಸಿದ್ದಲ್ಲ. ಮೊಣಕೈ ಹತ್ತಿರ ಬೆರಳಾಡಿಸಿದರೆ ಚೂರಿ ಹೋದ ದಾರಿ ಸಣ್ಣ ಸಣ್ಣ ಚಪ್ಪಟೆ ಗುರುತಾಗಿ ಸಿಗುತ್ತದೆ. ಮರಳು ಕಾಗದದಲ್ಲಿ ಉಜ್ಜಿದ್ದಾರೆ, ಆದರೆ ಗಾಜಿನ ಹಾಗೆ ಮಾಡುವವರೆಗೂ ಉಜ್ಜಿಲ್ಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಬಣ್ಣದ ತಕರಾರು ಹೇಳಿದೆನಲ್ಲ. ಇದಕ್ಕೆ ಮೊದಲು ಬಿಳಿ ಜೇಡಿಮಣ್ಣು ಬಳಿದು, ಅದರ ಮೇಲೆ ಕೆಮ್ಮಣ್ಣು, ಹಳದಿ ಮಣ್ಣು, ತಾಮ್ರದ ಅದಿರಿನಿಂದ ಬರುವ ಹಸಿರುನೀಲಿ, ಕಪ್ಪಿಗೆ ಮಸಿ, ಹೀಗೆ ಹಚ್ಚಿದ್ದಾರೆ. ಹಳೇ ಕಾಲದ ಕ್ರಮ ಇದು. ಮೇಲೆ ವಾರ್ನಿಷ್ ಏನೂ ಇಲ್ಲ, ಅದಕ್ಕೇ ಮುಟ್ಟಿದರೆ ಕೈಗೆ ಬರುತ್ತದೆ. ಬಿಡದ ಬಣ್ಣ ಬೇಕು ಅಂದರೆ ಅಕ್ರಿಲಿಕ್ ಹಚ್ಚಿದ ಗೊಂಬೆಗಳು ಅಲ್ಲೇ ಬೇಕಾದಷ್ಟಿವೆ, ಈಗ ಹೆಚ್ಚಿನವರು ಅದನ್ನೇ ಬಳಸುವುದು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟ ಫೋಟೋ ನೋಡಿದೆ. ಅಕ್ರಿಲಿಕ್‌ದು ಮಿಂಚುತ್ತದೆ. ಮಣ್ಣಿನ ಬಣ್ಣ ಬೆಳಕನ್ನು ಒಳಗೆ ಎಳೆದುಕೊಳ್ಳುತ್ತದೆ, ಬೆಳಿಗ್ಗೆ ಒಂದು ಥರ, ಸಂಜೆ ಟ್ಯೂಬ್‌ಲೈಟಲ್ಲಿ ಇನ್ನೊಂದು ಥರ. ನಮ್ಮನೆಯವರು ಮಾತ್ರ "ಇಷ್ಟು ದುಡ್ಡು ಕೊಟ್ಟಮೇಲೆ ಒಂದು ಕೋಟ್ ವಾರ್ನಿಷ್ ಹೊಡೆಯೋಕೆ ಏನಾಗಿತ್ತು" ಅಂತ ಇವತ್ತಿಗೂ ಅನ್ನುತ್ತಾರೆ. ಅನ್ನಲಿ.

ಇನ್ನು ನಿಲ್ಲದೇ ಇರುವ ವಿಷಯ. ಇದು ದೋಷ ಅಲ್ಲ. ಗೊಂಬೆಯ ಕತ್ತಿಗೆ ಒಂದು ಹತ್ತಿ ದಾರ ಕಟ್ಟಿ ಕೊಟ್ಟಿದ್ದಾರೆ, ಮೊಳೆಗೆ ನೇತುಹಾಕುವುದಕ್ಕೆ. ಮೇಲೆ ಹೇಳಿದೆನಲ್ಲ, ಹೋಪಿ ಮನೆಗಳಲ್ಲಿ ಇದು ಗೋಡೆ ಮೇಲಿನ ಸಾಮಾನು, ಕಪಾಟಿನ ಸಾಮಾನು ಅಲ್ಲ. 1880ರ ದಶಕದಲ್ಲಿ ಆ ಕಡೆ ರೈಲು ಬಂತು, ಹಿಂದೆಯೇ ಪ್ರವಾಸಿಗಳು ಬಂದರು. ಕೊಳ್ಳುವವರಿಗೆ ಮೇಜಿನ ಮೇಲೆ ನಿಲ್ಲಬೇಕಿತ್ತು, ಕೈಕಾಲು ಆಡಿಸುತ್ತಿರುವ ಹಾಗೆ ಕಾಣಬೇಕಿತ್ತು. ಬರಬರುತ್ತಾ ಕೈ ಮೈಯಿಂದ ಬೇರೆಯಾಯಿತು, ಒಂದು ಕಾಲು ಮೇಲೆದ್ದಿತು, ಕೆಳಗೆ ಮರದ ಪೀಠ ಬಂತು. ಆಕ್ಷನ್ ಗೊಂಬೆ ಅನ್ನುತ್ತಾರೆ ಅದನ್ನು. ಅದರಲ್ಲಿ ಬೆರಳಿನ ಉಗುರು, ತೊಡೆಯ ಮಾಂಸಖಂಡ, ಗರಿಯ ಒಂದೊಂದು ಎಳೆ ಎಲ್ಲ ಕೆತ್ತಿರುತ್ತಾರೆ. ಕೈಚಳಕ ನೋಡಿದರೆ ಬಾಯಿ ತೆರೆದುಕೊಂಡು ನಿಲ್ಲಬೇಕು, ಸುಳ್ಳು ಹೇಳಲ್ಲ. ಹೆಸರು ಮಾಡಿದವರ ಕೆತ್ತನೆ ಸಾವಿರಗಟ್ಟಲೆ ಡಾಲರಿಗೆ ಹೋಗುತ್ತದೆ. 1970ರ ದಶಕದಿಂದ ಈಚೆಗೆ ಕೆಲವರು ಮತ್ತೆ ಹಳೇ ರೀತಿಗೆ ಮರಳಿದರು, ಸೆಟೆದು ನಿಂತ ಮೈ, ಹೊಟ್ಟೆಗೆ ಅಂಟಿದ ಕೈ, ಮಣ್ಣಿನ ಬಣ್ಣ, ಕತ್ತಿಗೆ ದಾರ. ನಮ್ಮದು ಈ ಜಾತಿ. ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಹಳೇ ರೀತಿಯದೇ ಅನ್ನುತ್ತೇನೆ. ಆಕ್ಷನ್ ಗೊಂಬೆ ನೋಡಿದಾಗ ಕೆತ್ತಿದವನ ಜಾಣತನ ಕಾಣುತ್ತದೆ. ಇದನ್ನು ನೋಡಿದಾಗ ಕಚಿನಾ ಕಾಣುತ್ತದೆ.

ಇದೆಲ್ಲ ನನ್ನ ಅಮ್ಮನಿಗೆ ಅರ್ಥ ಮಾಡಿಸುವುದು ಸುಲಭ ಇರಲಿಲ್ಲ. ಗೊಂಬೆ ಮನೆಗೆ ಬಂದದ್ದು ನವರಾತ್ರಿ ಹೊತ್ತಿಗೆ. ಹಾಲಲ್ಲಿ ಹಲಗೆ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ, ಶೆಟ್ಟಿ ಶೆಟ್ಟಮ್ಮ, ಕೊಂಡಪಲ್ಲಿ ಎತ್ತಿನಗಾಡಿ ಎಲ್ಲ ಜೋಡಿಸಿ ಆಗಿತ್ತು. "ಇದನ್ನೂ ಕೂರಿಸೇ, ಅಷ್ಟು ದೂರದಿಂದ ಬಂದಿದೆ" ಅಂದರು. ಕೂರಿಸುವುದು ಹೇಗೆ, ನಿಲ್ಲಬೇಕಲ್ಲ. ಹಿಂದೆ ಅಕ್ಕಿ ಲೋಟ ಇಟ್ಟು ಒರಗಿಸಿ ನೋಡಿದರು, ಶೆಟ್ಟಮ್ಮನ ಮೇಲೆ ಬಿತ್ತು. ಆಮೇಲೆ "ಇದಕ್ಕೆ ಪೂಜೆ ಮಾಡಬೇಕೇನೇ?" ಅಂತ ಕೇಳಿ, ನಾನು ಬಾಯಿ ತೆಗೆಯುವಷ್ಟರಲ್ಲಿ ಕುಂಕುಮದ ಬೆರಳು ಮುಂದೆ ಬಂದೇಬಿಟ್ಟಿತು. ಕೈ ಹಿಡಿದು ನಿಲ್ಲಿಸಿದೆ, ಒದ್ದೆ ಬೆರಳು ತಾಗಿದ್ದರೆ ಆ ನೀಲಿ ಅಲ್ಲೇ ಕರಗುತ್ತಿತ್ತು. ಪೂಜೆ ಇಲ್ಲಮ್ಮ, ಅವರ ಮನೆಯಲ್ಲೂ ಇದಕ್ಕೆ ಪೂಜೆ ಇಲ್ಲ, ಮಗುವಿಗೆ ಕೊಡುವ ಗೊಂಬೆ ಅಂದೆ. "ಮಗುವಿಗೆ ಕೊಡೋದಾದ್ರೆ ಮಗುವಿಗೆ ಕೊಡು ಮತ್ತೆ" ಅಂದರು. ಸರಿಯಾದ ಮಾತು, ಅಲ್ವಾ? ಈಗ ಅದು ಮಗಳು ಓದಿಕೊಳ್ಳುವ ಮೇಜಿನ ಮೇಲಿನ ಗೋಡೆಯಲ್ಲಿ ನೇತಾಡುತ್ತಿದೆ. ಮೊಳೆ ಮಾತ್ರ ಮಗಳ ಕೈಗೆ ಎಟುಕದ ಹಾಗೆ ಹೊಡೆದಿದ್ದೇನೆ, ಅಷ್ಟು ಧಾರಾಳಿ ನಾನಲ್ಲ.

ಬೆಲೆ 250 ಡಾಲರ್, ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರದ ಮೇಲೆ. ಜಾಸ್ತಿನಾ? ಒಂದು ಮರದ ಗೊಂಬೆ ಅಂತ ನೋಡಿದರೆ ಹೌದು, ಅಷ್ಟು ದುಡ್ಡಿಗೆ ಚನ್ನಪಟ್ಟಣದಲ್ಲಿ ಒಂದು ಮೂಟೆ ಗೊಂಬೆ ಬರುತ್ತದೆ. ಒಬ್ಬ ಮನುಷ್ಯ ಬೇರು ಹುಡುಕಿ, ಒಣಗಿಸಿ, ಚೂರಿಯಲ್ಲಿ ಕೆತ್ತಿ, ಮಣ್ಣು ಅರೆದು ಬಣ್ಣ ಮಾಡಿದ್ದಕ್ಕೆ ಅಂತ ನೋಡಿದರೆ ಇಲ್ಲ. ನಮ್ಮ ಹುಡುಗ ಚೌಕಾಸಿ ಮಾಡಲಿಲ್ಲ, ಮಾಡಬೇಡ ಅಂತ ನಾನೇ ಹೇಳಿದ್ದೆ. ಮಂಡಿಪೇಟೆಯಲ್ಲಿ ಸ್ಟೀಲ್ ಡಬ್ಬಕ್ಕೆ ಹತ್ತು ರೂಪಾಯಿಗೆ ಜಗಳ ಆಡುವವಳು ನಾನು, ಆದರೆ ಒಬ್ಬರ ಮನೆಯೊಳಗೆ ಕೂತು, ಅವರು ಊಟಕ್ಕೆ ಏಳುವ ಹೊತ್ತಲ್ಲಿ ಅವರ ಕೈಕೆಲಸಕ್ಕೆ ಬೆಲೆ ಇಳಿಸಿ ಅನ್ನುವುದು ಚೆಂದ ಅಲ್ಲ.

ದುಡ್ಡು ಉಳಿಸೋಣ ಅಂತ ಆನ್‌ಲೈನಲ್ಲಿ ಹುಡುಕುವವರು ಇಲ್ಲಿ ಸ್ವಲ್ಪ ನಿಂತು ಓದಿ. ನನ್ನ ಗೆಳತಿ ಒಬ್ಬಳು ನಮ್ಮ ಗೊಂಬೆ ನೋಡಿ ಒಂದು ವೆಬ್‌ಸೈಟಲ್ಲಿ ಕಚಿನಾ ಅಂತಲೇ ಹೆಸರಿದ್ದದ್ದನ್ನು ನಾಲ್ಕು ಸಾವಿರ ಚಿಲ್ಲರೆಗೆ ತರಿಸಿದಳು. ಬಂದದ್ದು ಅಚ್ಚು ಹಾಕಿದ ರೆಸಿನ್. ಬೆನ್ನ ಮೇಲೆ ಅಚ್ಚಿನ ಗೆರೆ ಹಾಗೇ ಇದೆ, ಮೈಗೆ ಫಳಫಳ ಪೇಂಟು, ತಲೆಗೆ ಬಣ್ಣ ಅದ್ದಿದ ಕೋಳಿಪುಕ್ಕ, ಯಾವ ಕಚಿನಾ ಅಂತ ಕೇಳಿದರೆ ಮಾರಿದವರಿಗೂ ಗೊತ್ತಿಲ್ಲ. ವಾಪಸ್ ತೆಗೆದುಕೊಳ್ಳಿ ಅಂದರೆ ಉತ್ತರವೇ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆ ಪ್ರಕಾರ, ಮೂಲ ನಿವಾಸಿಗಳು ಮಾಡದೇ ಇದ್ದದ್ದನ್ನು ಅವರು ಮಾಡಿದ್ದು ಅಂತ ಹೇಳಿ ಮಾರಿದರೆ, ಮೊದಲ ಸಲಕ್ಕೇ 2,50,000 ಡಾಲರ್‌ವರೆಗೆ ದಂಡ ಅಥವಾ 5 ವರ್ಷದವರೆಗೆ ಜೈಲು, ಎರಡೂ ಆಗಬಹುದು. ನಮ್ಮಲ್ಲಿ ಪಾರ್ಸೆಲ್ ಬಿಚ್ಚಿ ಬೈದುಕೊಂಡು ಅಟ್ಟಕ್ಕೆ ಹಾಕುವುದೊಂದೇ ದಾರಿ.

ಇನ್ನೊಂದು ಬಗೆ ಇದೆ, ಅದು ಪೂರ್ತಿ ನಕಲಿ ಅಂತಲೂ ಅನ್ನುವ ಹಾಗಿಲ್ಲ. ಹೋಪಿಗಳ ಸುತ್ತಲೂ ನವಾಹೊ ಅನ್ನುವ ಇನ್ನೊಂದು ಮೂಲ ನಿವಾಸಿ ಜನರ ನೆಲ. ಅವರಲ್ಲಿ ಕೆಲವರು ಪ್ರವಾಸಿಗಳಿಗೆ ಅಂತ ಕಚಿನಾ ಗೊಂಬೆ ಮಾಡುತ್ತಾರೆ. ಪೀಠ, ಮೈತುಂಬ ತುಪ್ಪಳ, ಚರ್ಮ, ಮಣಿ, ಬಣ್ಣದ ಪುಕ್ಕ. ನವಾಹೊ ಮಾಡಿದ್ದು ಅಂತ ಹೇಳಿ ಮಾರಿದರೆ ಕಾನೂನು ಪ್ರಕಾರ ತಪ್ಪಿಲ್ಲ. ಆದರೆ ಕಚಿನಾಗಳು ಅವರ ಆಚರಣೆಯವಲ್ಲ, ಹೋಪಿಗಳಿಗೆ ಇದರ ಬಗ್ಗೆ ಸಿಟ್ಟಿದೆ. ಪಕ್ಕದ ಜೂನಿ ಜನರಿಗೆ ತಮ್ಮದೇ ಕಚಿನಾಗಳಿವೆ, ಅವರ ಗೊಂಬೆಗಳ ಕಥೆ ಬೇರೆ. ಕೊಳ್ಳುವಾಗ ಮೂರು ಪ್ರಶ್ನೆ ಸಾಕು: ಯಾರು ಕೆತ್ತಿದ್ದು, ಅವರ ಊರು ಯಾವುದು, ಇದು ಯಾವ ಕಚಿನಾ. ಹೋಪಿ ಕೆತ್ತಿದ್ದಾದರೆ ಮೂರಕ್ಕೂ ಉತ್ತರ ತಕ್ಷಣ ಬರುತ್ತದೆ. ಕೆಲವರು ಕಾಲಿನ ಅಡಿಯಲ್ಲಿ ಸಹಿ ಹಾಕುತ್ತಾರೆ. ಹಳೇ ರೀತಿಯವಕ್ಕೆ ಸಹಿ ಇಲ್ಲದೆಯೂ ಇರಬಹುದು, ನಮ್ಮದಕ್ಕೂ ಇಲ್ಲ, ಕೆತ್ತಿದವರು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ಗರಿಯ ಬಗ್ಗೆಯೂ ಒಂದು ಮಾತು. ಹದ್ದಿನ ಗರಿ ಹೋಪಿಗಳಿಗೆ ಬಹಳ ಮುಖ್ಯ, ಹಳೇ ಗೊಂಬೆಗಳಲ್ಲಿ ನಿಜವಾದ ಗರಿಯೇ ಇರುತ್ತಿತ್ತು. 1918ರ ವಲಸೆ ಹಕ್ಕಿ ಕಾಯ್ದೆ, 1940ರ ಹದ್ದು ರಕ್ಷಣೆ ಕಾಯ್ದೆ ಎರಡೂ ಸೇರಿ ಅಂಥ ಗರಿ ಇರುವ ಸಾಮಾನನ್ನು ಮಾರುವುದಕ್ಕೇ ಅಡ್ಡ ಬರುತ್ತವೆ. ಹಾಗಾಗಿ ಮಾರುವ ಗೊಂಬೆಗೆ ಗರಿಯನ್ನೂ ಮರದಲ್ಲೇ ಕೆತ್ತುವುದು ಅಥವಾ ಟರ್ಕಿ ಕೋಳಿಯ ಪುಕ್ಕ ಕಟ್ಟುವುದು ರೂಢಿಯಾಯಿತು. ನಮ್ಮದರಲ್ಲಿ ಪುಕ್ಕ ಇದೆ, ನಾನು ಅರ್ಧ ಸ್ಟಾರ್ ಕಡಿತ ಮಾಡಿದ್ದು ಅದಕ್ಕೇ. ಗಡ್ಡದ ಮೇಲಿನ ಒಂದು ಗರಿ ಬ್ಯಾಗಿಂದ ತೆಗೆಯುವಾಗಲೇ ಉದುರಿತ್ತು, ಇನ್ನೊಂದರ ಬುಡ ಅಲ್ಲಾಡುತ್ತಿದೆ. ಮರದಲ್ಲೇ ಕೆತ್ತಿದ್ದಿದ್ದರೆ ಈ ಕಾಟ ಇರುತ್ತಿರಲಿಲ್ಲ.

ಗೊಂಬೆ ಕೊಂಡುಕೊಂಡದ್ದು ಸರಿಯಾ ಅಂತ ಒಬ್ಬರು ಕೇಳಿದರು, ಬೇರೆಯವರ ನಂಬಿಕೆಯ ಸಾಮಾನು ಅಲ್ವಾ ಅಂತ. ನ್ಯಾಯವಾದ ಪ್ರಶ್ನೆ. ನಮ್ಮ ಗುಬ್ಬಿ, ತಿಪಟೂರು ಕಡೆ ಸೋಮನ ಕುಣಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಮ್ಮನ ಜಾತ್ರೆಯಲ್ಲಿ ಆ ಕೆಂಪು ಮುಖ ಹೊತ್ತವನು ಕುಣಿಯುವಾಗ ಅದು ಬಣ್ಣ ಬಳಿದ ಮರ ಅಲ್ಲ, ಯಾರಾದರೂ ಬಂದು ಎಷ್ಟಕ್ಕೆ ಕೊಡ್ತೀರಾ ಅಂದರೆ ಊರವರು ಒದ್ದು ಕಳಿಸುತ್ತಾರೆ. ಹೋಪಿಗಳಿಗೂ ಮುಖವಾಡ ಹಾಗೆ. 2013ರ ಏಪ್ರಿಲಲ್ಲಿ ಪ್ಯಾರಿಸ್ಸಿನಲ್ಲಿ ಅಂಥ ಎಪ್ಪತ್ತರಷ್ಟು ಮುಖವಾಡಗಳನ್ನು ಹರಾಜು ಹಾಕಿದರು. ಹೋಪಿಗಳು ಬೇಡ ಅಂತ ಕೋರ್ಟಿಗೆ ಹೋದರೂ ಕೋರ್ಟ್ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರಲ್ಲಿ ಮತ್ತೆ ಹರಾಜು ನಡೆದಾಗ ಅಮೆರಿಕದ ಆನನ್‌ಬರ್ಗ್ ಫೌಂಡೇಶನ್ ಗುಟ್ಟಾಗಿ ಬಿಡ್ ಮಾಡಿ 24 ವಸ್ತುಗಳನ್ನು ಕೊಂಡಿತು, ಅವರವರ ಜನಕ್ಕೆ ವಾಪಸ್ ಕೊಡುವುದಕ್ಕೇ ಅಂತ. ಮುಖವಾಡ ಮಾರುವುದಕ್ಕಲ್ಲ, ಕೊಳ್ಳುವುದಕ್ಕೂ ಅಲ್ಲ. ಗೊಂಬೆ ಹಾಗಲ್ಲ. ಅದನ್ನು ಹೋಪಿಗಳೇ ಮಾರುವುದಕ್ಕೆ ಅಂತ ಕೆತ್ತುತ್ತಾರೆ, ನೂರು ವರ್ಷಕ್ಕೂ ಮೇಲಿಂದ ಅದು ಅವರಲ್ಲಿ ಎಷ್ಟೋ ಮನೆಯ ಅನ್ನ. ಯಾವ ಕಚಿನಾವನ್ನು ಕೆತ್ತಿ ಮಾರಬಹುದು, ಯಾವುದನ್ನು ಮಾರಬಾರದು ಅನ್ನುವ ಬಗ್ಗೆ ಅವರಲ್ಲೇ ಭಿನ್ನಾಭಿಪ್ರಾಯ ಇದೆ. ಅದು ಅವರು ತೀರ್ಮಾನ ಮಾಡಿಕೊಳ್ಳುವ ವಿಷಯ. ಅವರ ಕೈಯಿಂದಲೇ, ಅವರು ಹೇಳಿದ ಬೆಲೆಗೆ ಕೊಂಡರೆ ನನಗೇನೂ ಮುಜುಗರ ಇಲ್ಲ.

ಫೀನಿಕ್ಸ್ ಕಡೆ ನೆಂಟರು ಇದ್ದು, ನೀವೇ ಹೋಗುವ ಹಾಗಿದ್ದರೆ ಕೊಳ್ಳುವ ಮುಂಚೆ ಹರ್ಡ್ ಮ್ಯೂಸಿಯಂ ನೋಡಿ. 1964ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ಬ್ಯಾರಿ ಗೋಲ್ಡ್‌ವಾಟರ್ ಇದ್ದರಲ್ಲ, ಅವರಿಗೆ ಚಿಕ್ಕಂದಿನಿಂದ ಈ ಗೊಂಬೆಯ ಹುಚ್ಚು. ಅದೇ ವರ್ಷ ತಮ್ಮ 437 ಗೊಂಬೆಗಳನ್ನು ಆ ಮ್ಯೂಸಿಯಂಗೆ ಕೊಟ್ಟುಬಿಟ್ಟರು. ಅಷ್ಟನ್ನು ಒಂದೇ ಕಡೆ ನೋಡಿದರೆ ಒಳ್ಳೆ ಕೆತ್ತನೆ ಯಾವುದು, ಕಾಟಾಚಾರದ್ದು ಯಾವುದು ಅಂತ ಕಣ್ಣಿಗೆ ತಾನೇ ಪಳಗುತ್ತದೆ. ನಮ್ಮ ಹುಡುಗ ಹಾಗೇ ಮಾಡಿದ್ದು.

ತುಮಕೂರಿನ ಹವೆ ಗೊಂಬೆಗೆ ಒಗ್ಗಿದೆ. ನಮ್ಮದು ಒಣ ಊರು, ಅದಕ್ಕೆ ಒಳ್ಳೆಯದೇ. ಸೆಪ್ಟೆಂಬರ್ ಅಕ್ಟೋಬರ್ ಮಳೆಯಲ್ಲಿ ಮಾತ್ರ ಗೋಡೆ ತೇವ ಆಗುತ್ತದಲ್ಲ, ಆಗ ಹೊರಗೋಡೆಗೆ ನೇತುಹಾಕಬೇಡಿ, ಒಳಗಿನ ಗೋಡೆ ನೋಡಿಕೊಳ್ಳಿ. ಕಿಟಕಿಯ ಬಿಸಿಲು ನೇರ ಬೀಳಬಾರದು. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಧೂಳಿಗೆ ಚಿತ್ರ ಬಿಡಿಸುವ ಮೆತ್ತನೆ ಕುಂಚ ಸಾಕು, ಅದೂ ಪುಕ್ಕದ ಕಡೆ ಹುಷಾರಾಗಿ. ಮೆತ್ತಗಿನ ಮರ ಆದ್ದರಿಂದ ಹುಳ ಬೀಳುವ ಭಯ ಇದ್ದೇ ಇದೆ. ಆಗಾಗ ಇಳಿಸಿ, ಬಿಳಿ ಕಾಗದದ ಮೇಲೆ ಹಿಡಿದು ಮೆಲ್ಲಗೆ ತಟ್ಟಿ ನೋಡಿ, ಸಣ್ಣ ಹುಡಿ ಉದುರಿದರೆ ಎಲ್ಲೋ ತೂತು ಬಿದ್ದಿದೆ ಅಂತ ಅರ್ಥ. ಇಲ್ಲಿಯವರೆಗೆ ನಮ್ಮದರಲ್ಲಿ ಉದುರಿದ್ದು ಬಣ್ಣ ಮಾತ್ರ.

ಯಾರು ಕೊಳ್ಳಬಾರದು ಅಂತಲೂ ಹೇಳಿಬಿಡುತ್ತೇನೆ. ಎಲ್ಲವನ್ನೂ ಮುಟ್ಟಿ ನೋಡುವ ಪುಟ್ಟ ಮಕ್ಕಳು ಮನೆಯಲ್ಲಿದ್ದರೆ ಬೇಡ, ಇಲ್ಲವೇ ಅಕ್ರಿಲಿಕ್‌ದು ನೋಡಿ. ಗೃಹಪ್ರವೇಶಕ್ಕೆ ಉಡುಗೊರೆ ಕೊಡುವುದಕ್ಕೆ ಬೇಡ, ತೆಗೆದುಕೊಂಡವರು ಎಲ್ಲಿ ಇಡುವುದು ಅಂತ ತಿಳಿಯದೆ ಒದ್ದಾಡುತ್ತಾರೆ. ಶೋಕೇಸ್ ತುಂಬಬೇಕು ಅಷ್ಟೇ ಅನ್ನುವವರು ಕಿನ್ನಾಳದ್ದೋ ಚನ್ನಪಟ್ಟಣದ್ದೋ ತಗೊಳ್ಳಿ, ನಿಲ್ಲುತ್ತವೆ, ಬಣ್ಣ ಬಿಡುವುದಿಲ್ಲ, ದುಡ್ಡು ನಮ್ಮವರಿಗೇ ಸೇರುತ್ತದೆ.

ನಮ್ಮ ಹುಡುಗ ಡಿಸೆಂಬರಲ್ಲಿ ಮತ್ತೆ ಬರುತ್ತಾನೆ. ಮಗಳು ಈಗ ಕೊಯೆಮ್ಸಿ ಬೇಕು ಅಂತ ಕೂತಿದ್ದಾಳೆ. ಕೆಸರು ಬಣ್ಣದ ಗುಂಡು ತಲೆ, ತಲೆ ಮೇಲೆ ಗುಬಟುಗಳು, ಕುಣಿತದ ನಡುವೆ ಜನರನ್ನು ನಗಿಸುವ ಕೋಡಂಗಿ. ಅದರಲ್ಲಿ ಗಡ್ಡ ಇಲ್ಲ, ಉದುರುವ ಗರಿ ಕಡಿಮೆ, ಹಾಗಾಗಿ ನನ್ನದೂ ಒಪ್ಪಿಗೆ ಇದೆ. ಟಿಶ್ಯೂ ಪೇಪರಲ್ಲಿ ಸಡಿಲವಾಗಿ ಸುತ್ತಿ ಗಟ್ಟಿ ಡಬ್ಬದಲ್ಲಿ ಇಡು, ಬಬಲ್ ರ‍್ಯಾಪ್ ನೇರ ಮೈಗೆ ತಾಗಿಸಬೇಡ ಬಣ್ಣ ಕಿತ್ತು ಬರುತ್ತದೆ, ಚೆಕ್-ಇನ್ ಬ್ಯಾಗಿಗೆ ಹಾಕದೆ ಕೈಯಲ್ಲೇ ತಾ, ಕೆತ್ತಿದವರಿಂದ ಚೀಟಿ ಬರೆಸಿಕೊಳ್ಳುವುದನ್ನು ಮರೆಯಬೇಡ ಅಂತ ಈಗಲೇ ಮೆಸೇಜ್ ಹಾಕಿದ್ದೇನೆ. "ಸರಿ ಚಿಕ್ಕಮ್ಮ, ಬರುವಾಗ ನೀನು ಚಟ್ನಿಪುಡಿ ರೆಡಿ ಇಟ್ಟಿರು" ಅಂತ ಉತ್ತರ ಬಂದಿದೆ.